ಐದು ಜನ, ಒಂದು ವಿಮಾನ: ಖರ್ಚು ಹಂಚ್ಕೋಬಹುದು, ಹೊಣೆ?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಳ್ಳಲಾಗಿದೆ.)

ಮಾರತ್ತಹಳ್ಳಿ ಸೇತುವೆ ಕೆಳಗೋ, ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲೋ, ಗೊರಗುಂಟೆಪಾಳ್ಯದಲ್ಲೋ ಇಯರ್‌ಫೋನ್ ಹಾಕ್ಕೊಂಡು ನಿಂತಿರೋ ಎಲ್ಲರಿಗೂ ಸ್ವಾಗತ. ಇವತ್ತಿನ ವಿಷಯ ಕೇಳಿದ್ರೆ ನಗ್ತೀರಿ. ಸ್ವಂತ ವಿಮಾನ. ಪೂರ್ತಿ ಸ್ವಂತ ಅಲ್ಲ, ಐದನೇ ಒಂದು ಭಾಗ ಸ್ವಂತ.

ನಾನು ವೈಟ್‌ಫೀಲ್ಡ್ ಕಡೆಯವನು. ದಿನಾ ಹೋಪ್ ಫಾರ್ಮ್ ಸರ್ಕಲ್ ದಾಟಿ ಕೆಲಸಕ್ಕೆ ಹೋಗೋನು. ಜೊತೆಗೆ ಹಾರಾಟ ಕಲೀತಿರೋ ವಿದ್ಯಾರ್ಥಿ, ಇನ್ನೂ ಲೈಸೆನ್ಸ್ ಬಂದಿಲ್ಲ. ಕೆಲವು ತಿಂಗಳ ಹಿಂದೆ ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಗೆಳೆಯನೊಬ್ಬ ಒಂದು ಲೆಕ್ಕ ಹಾಕಿದ. ಹಳೆಯ, ನಾಲ್ಕು ಸೀಟಿನ, ಒಂದೇ ಎಂಜಿನ್ ಇರೋ ವಿಮಾನ 60 ಲಕ್ಷಕ್ಕೆ ಸಿಗುತ್ತೆ ಅಂದ್ಕೊಳ್ಳೋಣ. ಐದು ಜನ ಸೇರಿದ್ರೆ ತಲಾ 12 ಲಕ್ಷ. "ಗುರು, ನಮ್ಮ ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನಲ್ಲಿ ಇದಕ್ಕಿಂತ ದುಬಾರಿ ಕಾರುಗಳು ಧೂಳು ಹಿಡಿದು ನಿಂತಿವೆ" ಅಂತ ಬರೆದ. ಹೌದಲ್ವಾ ಅನ್ನಿಸ್ತು. ನನ್ನ ಪಾಲಿಗೆ ಆ 12 ಲಕ್ಷ ಅಂದ್ರೆ ಹತ್ತಿರ ಹತ್ತಿರ ಇರೋಬರೋ ಉಳಿತಾಯ ಎಲ್ಲಾ. ಹಾಗಾಗಿ ಸುಮ್ನೆ ತಲೆ ಆಡಿಸೋ ಬದಲು ಕೂತು ಲೆಕ್ಕ ಹಾಕಿದೆ, ತಿಳಿದವರನ್ನು ಕೇಳಿದೆ. ಅದರಲ್ಲಿ ಸಿಕ್ಕಿದ್ದನ್ನ ನಿಮ್ಮ ಮುಂದೆ ಇಡ್ತೀನಿ.

ಹಂಚಿಕೊಳ್ಳೋದು ನಮ್ಮೂರಿಗೆ ಹೊಸದೇನಲ್ಲ

ವಿಮಾನ ಹಂಚಿಕೊಳ್ಳೋದು ಮೂರು ತರ ಆಗಬಹುದು. ಸೀಟು ಹಂಚಿಕೊಳ್ಳಬಹುದು, ಗಂಟೆ ಹಂಚಿಕೊಳ್ಳಬಹುದು, ಇಲ್ಲಾ ವಿಮಾನವನ್ನೇ ಹಂಚಿಕೊಳ್ಳಬಹುದು. ಮೊದಲ ಎರಡನ್ನು ಬೆಂಗಳೂರು ಆಗಲೇ ನೋಡಿದೆ.

ಸೀಟು ಹಂಚಿಕೊಂಡಿದ್ದು ಎಲೆಕ್ಟ್ರಾನಿಕ್ ಸಿಟಿಯವರಿಗೆ ನೆನಪಿರುತ್ತೆ. 2018ರ ಮಾರ್ಚ್‌ನಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೆಲಿಟ್ಯಾಕ್ಸಿ ಶುರುವಾಯ್ತು. ರಸ್ತೆಯಲ್ಲಿ ಎರಡು ಗಂಟೆ ಹಿಡಿಯೋ ದಾರಿ, ಹೆಲಿಕಾಪ್ಟರ್‌ನಲ್ಲಿ ಸುಮಾರು 15 ನಿಮಿಷ. ಒಂದು ಸೀಟಿಗೆ 3,500 ರೂಪಾಯಿ, ಮೇಲೆ ತೆರಿಗೆ. ಆ ಸೇವೆ ಹೆಚ್ಚು ಕಾಲ ಉಳಿಯಲಿಲ್ಲ. ಆದ್ರೆ ಒಂದು ಮಾತು ಗಮನಿಸಿ: ಅಲ್ಲಿ ಸೀಟು ಮಾರಿದ್ದು ಲೈಸೆನ್ಸ್ ಪಡೆದ ವಾಣಿಜ್ಯ ಸಂಸ್ಥೆ. ಅದು ಯಾಕೆ ಮುಖ್ಯ ಅಂತ ಆಮೇಲೆ ಹೇಳ್ತೀನಿ.

ಗಂಟೆ ಹಂಚಿಕೊಂಡಿದ್ದು ಇನ್ನೂ ಹಳೆಯ ಕಥೆ. ಜಕ್ಕೂರಿನ ಸರ್ಕಾರಿ ವಿಮಾನ ಚಾಲನಾ ತರಬೇತಿ ಶಾಲೆ 1949ರದ್ದು, ಮೈಸೂರು ಮಹಾರಾಜರ ಕಾಲದ್ದು. ಬಳ್ಳಾರಿ ರಸ್ತೆಯ ಪಕ್ಕದಲ್ಲಿ ಈಗಲೂ ಇದೆ. ದೇಶದ ಫ್ಲೈಯಿಂಗ್ ಕ್ಲಬ್‌ಗಳಿಗೆ ಅಂತಲೇ ನಮ್ಮ ಎಚ್‌ಎಎಲ್ 'ಪುಷ್ಪಕ್' ಅನ್ನೋ ಎರಡು ಸೀಟಿನ ಪುಟ್ಟ ವಿಮಾನ ಮಾಡ್ತು. ಡಾ. ವಿ.ಎಂ. ಘಾಟಗೆ ಅವರ ತಂಡ ರೂಪಿಸಿದ್ದು. 1958ರ ಸೆಪ್ಟೆಂಬರ್‌ನಲ್ಲಿ ಮೊದಲ ಸಲ ಹಾರಿತು. 90 ಅಶ್ವಶಕ್ತಿಯ ಎಂಜಿನ್, ಅಷ್ಟೇ. ಅಂಥವು 150ಕ್ಕೂ ಹೆಚ್ಚು ತಯಾರಾದವು. ಆಮೇಲೆ ಎಚ್‌ಎಎಲ್ ವಿಮಾನ ನಿಲ್ದಾಣದ ರಸ್ತೆಯಲ್ಲಿರೋ ಎನ್‌ಎಎಲ್ 'ಹಂಸ' ಮಾಡ್ತು. 1993ರಲ್ಲಿ ಮೊದಲ ಹಾರಾಟ, 2000ದಲ್ಲಿ ಪ್ರಮಾಣಪತ್ರ. ಅವೂ ಫ್ಲೈಯಿಂಗ್ ಕ್ಲಬ್‌ಗಳಿಗೇ ಹೋದವು. ಅದರ ಹೊಸ ಮಾದರಿ ಹಂಸ-ಎನ್‌ಜಿ 2021ರ ಸೆಪ್ಟೆಂಬರ್ 3ರಂದು ಇದೇ ಬೆಂಗಳೂರಲ್ಲಿ ಹಾರಿತು.

ಕ್ಲಬ್ ಅಂದ್ರೆ ಏನು? ವಿಮಾನ ಒಂದು, ಹಾರೋರು ನೂರು. ನೀವು ಹಾರಿದ ಗಂಟೆಗೆ ದುಡ್ಡು ಕಟ್ತೀರಿ, ಉಳಿದ ತಲೆನೋವು ಕ್ಲಬ್‌ನದು. ರಿಪೇರಿ ಯಾವಾಗ, ಮಳೆ ಬಂದ್ರೆ ಹಾರಬೇಕಾ ಬೇಡವಾ, ಯಾರಿಗೆ ಕೊಡಬೇಕು ಯಾರಿಗೆ ಕೊಡಬಾರದು, ಇದನ್ನೆಲ್ಲಾ ಇನ್ನೊಬ್ಬರು ತೀರ್ಮಾನಿಸ್ತಾರೆ.

ಮೂರನೆಯದು, ಅಂದ್ರೆ ವಿಮಾನವನ್ನೇ ಪಾಲು ಮಾಡಿಕೊಳ್ಳೋದು, ನಮ್ಮಲ್ಲಿ ಅಪರೂಪ. ಬ್ರಿಟನ್‌ನಲ್ಲಿ ಇದು ತೀರಾ ಸಾಮಾನ್ಯ. ಅಲ್ಲಿನ ನಿಯಮದ ಪ್ರಕಾರ ಖಾಸಗಿ ಗುಂಪಿನಲ್ಲಿ ಹೆಚ್ಚೆಂದರೆ 20 ಜನ ಇರಬಹುದು, ಒಬ್ಬೊಬ್ಬರ ಪಾಲು ಕನಿಷ್ಠ ಶೇ 5. ಅಮೆರಿಕದಲ್ಲಿ 1986ರಲ್ಲಿ ನೆಟ್‌ಜೆಟ್ಸ್ ಇದನ್ನೇ ದೊಡ್ಡ ಜೆಟ್‌ಗಳಿಗೆ ಹೊಂದಿಸಿ ವ್ಯಾಪಾರ ಮಾಡಿಕೊಂಡಿತು. ನಾವು ಮಾತಾಡ್ತಿರೋದು ಜೆಟ್ ಅಲ್ಲ. ಗಂಟೆಗೆ ಸುಮಾರು 200 ಕಿಲೋಮೀಟರ್ ವೇಗದಲ್ಲಿ ಹೋಗೋ, ಒಂದು ಗಂಟೆಗೆ 35 ಲೀಟರ್ ಆಸುಪಾಸು ಇಂಧನ ಕುಡಿಯೋ ಪುಟ್ಟ ವಿಮಾನ.

ಪೀಣ್ಯದ ಅಣ್ಣ ಕಲಿಸಿದ ಲೆಕ್ಕ

ನಮ್ಮ ಐವರಲ್ಲಿ ಒಬ್ಬರು ಪೀಣ್ಯದಲ್ಲಿ ಮಷೀನ್ ಶಾಪ್ ಇಟ್ಟುಕೊಂಡಿದ್ದಾರೆ. ನಾವೆಲ್ಲಾ ಅಣ್ಣ ಅಂತೀವಿ. ನಾವು ಎಕ್ಸೆಲ್ ಶೀಟ್ ತೆಗೆದ್ರೆ ಅವರು ಒಂದೇ ಪ್ರಶ್ನೆ ಕೇಳಿದ್ರು: "ಮಷೀನ್ ಅವರ್ ರೇಟ್ ಎಷ್ಟು ಬಂತಪ್ಪಾ?"

ಪೀಣ್ಯದಲ್ಲಿ ಜಾಬ್ ವರ್ಕ್ ಮಾಡೋ ಯಾರಿಗಾದರೂ ಇದು ಗೊತ್ತು. ಲೇತ್ ಓಡಲಿ, ಬಿಡಲಿ, ಶೆಡ್ ಬಾಡಿಗೆ, ಲೋನ್ ಕಂತು, ಕೆಲಸದವರ ಸಂಬಳ ನಿಲ್ಲಲ್ಲ. ಮಷೀನ್ ಸುಮ್ನೆ ನಿಂತರೂ ತಿನ್ನುತ್ತೆ. ಓಡಿದಷ್ಟೂ ಆ ಖರ್ಚು ಗಂಟೆಗಳ ಮೇಲೆ ತೆಳುವಾಗಿ ಹರಡಿಕೊಳ್ಳುತ್ತೆ. ವಿಮಾನವೂ ಹಾಗೇ.

ಈಗ ನಾನು ಹೇಳೋ ಅಂಕಿಗಳು ಲೆಕ್ಕಕ್ಕೆ ಅಂತ ಇಟ್ಟುಕೊಂಡವು. ನಿಮ್ಮ ವಿಮಾನಕ್ಕೆ, ನಿಮ್ಮ ಏರೋಡ್ರೋಮ್‌ಗೆ ಬೇರೆ ಬರುತ್ತೆ. ಲೆಕ್ಕದ ದಾರಿ ಮಾತ್ರ ನೋಡಿ.

ವರ್ಷಕ್ಕೆ ಹ್ಯಾಂಗರ್ ಬಾಡಿಗೆ 3 ಲಕ್ಷ. ವಿಮೆ 2 ಲಕ್ಷ. ವಾರ್ಷಿಕ ತಪಾಸಣೆ, ಎಂಜಿನಿಯರ್, ಹಾರಾಟ ಯೋಗ್ಯತೆಯ ಕಾಗದಪತ್ರ ಸೇರಿ 4 ಲಕ್ಷ. ಚಿಲ್ಲರೆ 1 ಲಕ್ಷ. ಒಟ್ಟು 10 ಲಕ್ಷ. ಇದು ಒಂದು ನಿಮಿಷ ಹಾರದೇ ಇದ್ರೂ ಹೋಗೋ ದುಡ್ಡು.

ಇನ್ನು ಹಾರಿದರೆ ಮಾತ್ರ ಬರೋ ಖರ್ಚು. ಗಂಟೆಗೆ ಇಂಧನ 7,000, ಸಣ್ಣಪುಟ್ಟ ರಿಪೇರಿ 1,500, ಎಂಜಿನ್ ಓವರ್‌ಹಾಲ್‌ಗೆ ಎತ್ತಿಡೋದು 1,500. ಒಟ್ಟು 10,000.

ನಾನೊಬ್ಬನೇ ಕೊಂಡು ವರ್ಷಕ್ಕೆ 50 ಗಂಟೆ ಹಾರಿದ್ರೆ? 10 ಲಕ್ಷ ಭಾಗಿಸು 50, ಗಂಟೆಗೆ 20,000. ಅದಕ್ಕೆ ಹಾರೋ ಖರ್ಚು 10,000 ಸೇರಿಸಿ, 30,000. ಐದು ಜನ ಸೇರಿ ತಲಾ 50 ಗಂಟೆ ಹಾರಿದ್ರೆ ಒಟ್ಟು 250 ಗಂಟೆ. ನಿಂತ ಖರ್ಚು ಗಂಟೆಗೆ 4,000ಕ್ಕೆ ಇಳಿಯುತ್ತೆ. ಒಟ್ಟು 14,000. ಅರ್ಧಕ್ಕಿಂತ ಕಡಿಮೆ! ಇಲ್ಲಿವರೆಗೂ ಎಲ್ಲರ ಮುಖದಲ್ಲೂ ನಗು.

ಆಗ ಅಣ್ಣ ಕೇಳಿದ್ರು: "ತಲಾ 50 ಗಂಟೆ ಹಾರ್ತೀರಾ? ನಿಜ ಹೇಳಿ."

ತಲಾ 10 ಗಂಟೆ ಹಾರಿದ್ರೆ ಒಟ್ಟು ಮತ್ತೆ 50 ಗಂಟೆಯೇ. ಗಂಟೆಯ ರೇಟು ಮತ್ತೆ 30,000. ಒಬ್ಬೊಬ್ಬರಿಗೆ ವರ್ಷಕ್ಕೆ 3 ಲಕ್ಷ. ಅದೇ ಕ್ಲಬ್‌ನಲ್ಲಿ ಗಂಟೆಗೆ 18,000 ಅಂತ ಹಿಡಿದರೆ 10 ಗಂಟೆಗೆ 1.8 ಲಕ್ಷ. ಹಾಗಾದ್ರೆ ಪಾಲು ತಗೊಳ್ಳೋದು ಯಾವಾಗ ಲಾಭ? ನನ್ನ ಪಾಲಿನ ನಿಂತ ಖರ್ಚು ವರ್ಷಕ್ಕೆ 2 ಲಕ್ಷ. ಒಂದೊಂದು ಗಂಟೆಗೆ ಕ್ಲಬ್‌ಗಿಂತ ಉಳಿಯೋದು 8,000. ಅಂದ್ರೆ 25 ಗಂಟೆ ಹಾರಿದ್ರೆ ಸರಿಸಮ. ಅದರ ಜೊತೆಗೆ, ಹಾಕಿದ 12 ಲಕ್ಷ ಬ್ಯಾಂಕಿನಲ್ಲಿ ಶೇ 7ಕ್ಕೆ ಎಫ್‌ಡಿ ಇಟ್ಟಿದ್ರೆ ವರ್ಷಕ್ಕೆ 84,000 ಬರ್ತಿತ್ತು. ಅದನ್ನೂ ಸೇರಿಸಿದರೆ 36 ಗಂಟೆ. ತಿಂಗಳಿಗೆ 3 ಗಂಟೆ, ಒಂದು ತಿಂಗಳೂ ತಪ್ಪದ ಹಾಗೆ.

ಇದಕ್ಕಿಂತ ದೊಡ್ಡ ಗುಂಡಿ ಇನ್ನೊಂದಿತ್ತು. ಎಂಜಿನ್. ಇಂಥ ವಿಮಾನಗಳಲ್ಲಿರೋ ಲೈಕಮಿಂಗ್ ಎಂಜಿನ್‌ಗಳಲ್ಲಿ ಹಲವಕ್ಕೆ ತಯಾರಕರು ಹೇಳೋ ಓವರ್‌ಹಾಲ್ ಅವಧಿ 2,000 ಗಂಟೆ. ಓವರ್‌ಹಾಲ್‌ಗೆ 30 ಲಕ್ಷ ಅಂತ ಹಿಡಿದೇ ನಾವು ಗಂಟೆಗೆ 1,500 ಎತ್ತಿಟ್ಟಿದ್ದು. ಆದ್ರೆ ನಾವು ಕೊಳ್ಳೋ ಹಳೇ ವಿಮಾನದ ಎಂಜಿನ್ ಆಗಲೇ 1,400 ಗಂಟೆ ಓಡಿದ್ರೆ? ಉಳಿದ 600 ಗಂಟೆಯಲ್ಲಿ ನಾವು ಕೂಡಿಡೋದು 9 ಲಕ್ಷ. ಬೇಕಾಗೋದು 30. ಬಾಕಿ 21 ಲಕ್ಷ ಎಲ್ಲಿಂದ ಬರುತ್ತೆ? ತಲಾ 4.2 ಲಕ್ಷ, ಅದೂ ಎಲ್ಲರೂ ವರ್ಷಕ್ಕೆ 50 ಗಂಟೆ ಹಾರಿದ್ರೆ ಎರಡೂವರೆ ವರ್ಷದೊಳಗೆ.

ವೈಟ್‌ಫೀಲ್ಡ್‌ನಲ್ಲಿ ಅಪಾರ್ಟ್‌ಮೆಂಟ್ ಕೊಂಡವರಿಗೆ ಇದು ಚೆನ್ನಾಗಿ ಗೊತ್ತು. ಕಾರ್ಪಸ್ ಫಂಡ್ ಇಲ್ಲದ ಅಪಾರ್ಟ್‌ಮೆಂಟ್‌ನಲ್ಲಿ ಹತ್ತನೇ ವರ್ಷ ಲಿಫ್ಟ್ ಕೈಕೊಟ್ಟಾಗ ಅಸೋಸಿಯೇಷನ್ ಮೀಟಿಂಗ್ ಹೇಗಿರುತ್ತೆ ಅಂತ ನೋಡಿದ್ದೀರಲ್ಲ. ಇಲ್ಲಿ ಕೆಡೋದು ಲಿಫ್ಟ್ ಅಲ್ಲ. ಹಾಗಾಗಿ ಓಡಿದ ಎಂಜಿನ್ ತಗೊಂಡ್ರೆ, ಓಡಿದ ಗಂಟೆಗಳ ದುಡ್ಡನ್ನ ಮೊದಲ ದಿನವೇ ಗುಂಪಿನ ಖಾತೆಗೆ ಹಾಕಬೇಕು. ನಮ್ಮ 12 ಲಕ್ಷ ನಿಜವಾಗಿ 16.2 ಲಕ್ಷ.

ಹೊಸ ವಿಮಾನ ತರಿಸಿದ್ರೆ? 2025ರ ಸೆಪ್ಟೆಂಬರ್ 22ರಿಂದ ಸ್ವಂತ ಬಳಕೆಯ ವಿಮಾನಕ್ಕೆ ಜಿಎಸ್‌ಟಿ ಶೇ 40. ಮುಂದೆ ಹೋಗೋಣ.

ದುಡ್ಡು ಹಂಚೋ ರೀತಿಯೇ ಜೀವದ ಪ್ರಶ್ನೆ

ಇದು ನನಗೆ ಗೊತ್ತೇ ಇಲ್ಲದ ಭಾಗ. ಕೇಳಿ ತಿಳ್ಕೊಂಡ ಮೇಲೆ ರಾತ್ರಿ ನಿದ್ದೆ ಬರಲಿಲ್ಲ.

ನಾವು ಖರ್ಚು ಹೇಗೆ ಹಂಚ್ತೀವಿ ಅನ್ನೋದು ಬರೀ ಲೆಕ್ಕದ ವಿಷಯ ಅಂದ್ಕೊಂಡಿದ್ವಿ. ಅಲ್ಲ. ಯಾವ ಕಡೆ ದುಡ್ಡು ಉಳಿಯುತ್ತೋ ಆ ಕಡೆಗೆ ಮನಸ್ಸು ಜಾರುತ್ತೆ. ನೆಲದ ಮೇಲೆ ಹಾಗೆ ಜಾರಿದರೆ ದುಡ್ಡು ಹೋಗುತ್ತೆ. ಮೇಲೆ ಜಾರಿದರೆ?

ಒಂದು ಉದಾಹರಣೆ. ಲ್ಯಾಂಡಿಂಗ್ ಸ್ವಲ್ಪ ಜೋರಾಗಿ ಬಿತ್ತು. ಚಕ್ರದ ಹತ್ತಿರ ಏನೋ ಸದ್ದು. ನಮ್ಮ ಒಪ್ಪಂದದಲ್ಲಿ 'ಹಾನಿ ಮಾಡಿದವರೇ ವಿಮೆಯ ಡಿಡಕ್ಟಬಲ್ ಪೂರ್ತಿ ಕಟ್ಟಬೇಕು' ಅಂತ ಇದೆ. ಡಿಡಕ್ಟಬಲ್ ಅಂದ್ರೆ ಕ್ಲೇಮ್‌ನಲ್ಲಿ ನಮ್ಮ ಕೈಯಿಂದ ಕಟ್ಟೋ ಮೊದಲ ಭಾಗ. ಕಾರಿಗೂ ಇರುತ್ತಲ್ಲ, ಅದೇ, ಆದ್ರೆ ಮೊತ್ತ ದೊಡ್ಡದು. ನ್ಯಾಯವಾದ ನಿಯಮ ಅನ್ನಿಸುತ್ತೆ, ಅಲ್ವಾ? ಮಾಡಿದೋನು ಕಟ್ಟಲಿ. ಆದ್ರೆ ಈ ತಿಂಗಳು ಇಎಂಐ ಬಿಗಿಯಾಗಿರೋ ಮನುಷ್ಯ ಆ ಸದ್ದನ್ನು ಲಾಗ್‌ಬುಕ್‌ನಲ್ಲಿ ಬರೀತಾನಾ? 'ಏನೂ ಆಗಿಲ್ಲ ಬಿಡು' ಅಂತ ಹ್ಯಾಂಗರ್ ಬಾಗಿಲು ಹಾಕಿ ಹೋಗಬಹುದು. ಮರುದಿನ ಬೆಳಿಗ್ಗೆ ಅದೇ ಚಕ್ರದ ಮೇಲೆ ಇಳಿಯೋದು ಇನ್ನೊಬ್ಬ ಪಾಲುದಾರ, ಪಕ್ಕದಲ್ಲಿ ಅವರ ಮಗಳು.

ಹಾಗಾಗಿ ನಾವು ತಿರುಗಿಸಿ ಬರೆದ್ವಿ. ಬೇಕಂತ ಮಾಡಿದ್ದು, ಕುಡಿದು ಮಾಡಿದ್ದು ಬಿಟ್ಟರೆ ಡಿಡಕ್ಟಬಲ್ ಐವರಿಗೂ ಸೇರಿದ್ದು. ತಿಳಿಸಿದವರಿಗೆ ದಂಡ ಇಲ್ಲ, ಮುಚ್ಚಿಟ್ಟವರು ಗುಂಪಿನಿಂದ ಹೊರಗೆ. ವಿಮಾನದ ಭಾಷೆಯಲ್ಲಿ ಇಂಥ ದೋಷಕ್ಕೆ 'ಸ್ನ್ಯಾಗ್' ಅಂತಾರೆ. ಸ್ನ್ಯಾಗ್ ಬರೆಯೋದು ಅಗ್ಗ ಆಗಿರಬೇಕು, ಬರೆಯದೇ ಇರೋದು ದುಬಾರಿ ಆಗಬೇಕು.

ಎರಡನೇ ಉದಾಹರಣೆ ಮೀಟರ್. ಗಂಟೆ ಲೆಕ್ಕ ಹಾಕೋಕೆ ಎರಡು ತರದ ಮೀಟರ್ ಇರುತ್ತೆ. ಒಂದು ಹಾಬ್ಸ್. ಎಂಜಿನ್ ಶುರುವಾದಾಗಿನಿಂದ ಗಡಿಯಾರದ ಹಾಗೆ ಓಡುತ್ತೆ. ಇನ್ನೊಂದು ಟ್ಯಾಕ್. ಎಂಜಿನ್ ಸುತ್ತೋ ವೇಗಕ್ಕೆ ತಕ್ಕ ಹಾಗೆ ಓಡುತ್ತೆ, ನೆಲದ ಮೇಲೆ ನಿಧಾನ ಗತಿಯಲ್ಲಿದ್ದಾಗ ಮೀಟರೂ ನಿಧಾನ. ಹಾಬ್ಸ್ ಪ್ರಕಾರ ದುಡ್ಡು ಕಟ್ಟೋದಾದ್ರೆ, ಟೇಕ್‌ಆಫ್‌ಗೆ ಮುಂಚೆ ಎಂಜಿನ್ ಬಿಸಿಯಾಗೋಕೆ ಕಾಯೋ ಐದು ನಿಮಿಷ, ಚೆಕ್‌ಲಿಸ್ಟ್ ಓದೋ ಮೂರು ನಿಮಿಷ, ಎಲ್ಲಕ್ಕೂ ಪೂರ್ತಿ ರೇಟು. ಆಟೋ ಮೀಟರ್ ಓಡ್ತಿರೋವಾಗ ಸಿಗ್ನಲ್‌ನಲ್ಲಿ ಕೂತ ಹಾಗೆ. ಕೈ ತಾನಾಗೇ ಅವಸರ ಮಾಡುತ್ತೆ. ಟ್ಯಾಕ್ ಪ್ರಕಾರ ಆದ್ರೆ ಆ ಅವಸರ ಕಡಿಮೆ. ನಾವು ಟ್ಯಾಕ್ ಆರಿಸಿಕೊಂಡ್ವಿ. ಗಂಟೆಯ ರೇಟು ಸ್ವಲ್ಪ ಹೆಚ್ಚು ಬಂದರೂ ಪರವಾಗಿಲ್ಲ.

ಮೂರನೆಯದು ಕ್ಯಾನ್ಸಲ್ ಚಾರ್ಜ್. ಒಬ್ಬ ಗೆಳೆಯನ ಸಲಹೆ: 'ಬುಕ್ ಮಾಡಿ ಬರದೇ ಹೋದ್ರೆ 2,000 ದಂಡ ಹಾಕೋಣ, ಶಿಸ್ತು ಬರುತ್ತೆ.' ಆಫೀಸ್ ಕ್ಯಾಬ್‌ಗೆ ಸರಿ ಅದು. ಇಲ್ಲಿ ಬೆಳಿಗ್ಗೆ ಆರು ಗಂಟೆಗೆ ಮಂಜು ಕವಿದಿದೆ, ಮೋಡ ಕೆಳಗಿದೆ, ಹಾರಬಾರದು ಅಂತ ಒಳಗೇ ಅನ್ನಿಸ್ತಿದೆ. ಆಗ 2,000 ರೂಪಾಯಿ ಕಿವಿಯಲ್ಲಿ ಪಿಸುಗುಟ್ಟುತ್ತೆ. ಅದಕ್ಕೇ ಹವಾಮಾನದ ಕಾರಣ ಹೇಳಿ ಬಿಟ್ಟರೆ ಒಂದು ಪೈಸೆ ದಂಡ ಇಲ್ಲ, ಯಾರೂ ಪ್ರಶ್ನೆ ಕೇಳೋ ಹಾಗಿಲ್ಲ, ಗುಂಪಿನಲ್ಲಿ ತಮಾಷೆ ಮಾಡೋ ಹಾಗೂ ಇಲ್ಲ ಅಂತ ಬರೆದ್ವಿ.

ನಾಲ್ಕನೆಯದು ಕನಿಷ್ಠ ಗಂಟೆ. 'ತಿಂಗಳಿಗೆ 3 ಗಂಟೆ ಹಾರದೇ ಇದ್ರೆ ಆ ಗಂಟೆ ಹೋಯ್ತು' ಅಂತ ಮೊಬೈಲ್ ಡೇಟಾ ತರ ಮಾಡಿದ್ರೆ, ತಿಂಗಳ ಕೊನೆಯ ಭಾನುವಾರ ಎಲ್ಲರಿಗೂ ಹಾರಲೇಬೇಕು ಅನ್ನಿಸುತ್ತೆ. ಅದು ಜುಲೈ ತಿಂಗಳ ಭಾನುವಾರ ಆದ್ರೂ. ಹಾಗಂತ ಹಾರದೇ ಬಿಡೋಕೂ ಆಗಲ್ಲ. ನಿಂತ ಎಂಜಿನ್ ಒಳಗೊಳಗೇ ತುಕ್ಕು ಹಿಡಿಯುತ್ತೆ, ಹಾರದ ಪೈಲಟ್‌ನ ಕೈಯೂ ಹಾಗೇ. ನಾವು ಕಂಡುಕೊಂಡ ದಾರಿ ಇದು: ನಿಂತ ಖರ್ಚು ತಿಂಗಳ ಮೆಂಟೆನೆನ್ಸ್ ತರ ಸಮಪಾಲು, ಹಾರಿದರೂ ಹಾರದಿದ್ದರೂ. ಹಾರಿದ ಗಂಟೆಗೆ ಬೇರೆ. ಬಹಳ ದಿನ ಹಾರದೇ ಇದ್ದವರು ಮತ್ತೆ ಹಾರೋ ಮುಂಚೆ ತರಬೇತುದಾರರ ಜೊತೆ ಒಂದು ಸುತ್ತು, ಅದರ ಖರ್ಚು ಗುಂಪಿನದು.

ಇಷ್ಟೆಲ್ಲಾ ಆದ ಮೇಲೂ ಒಂದು ಹಂಚೋಕೆ ಆಗಲ್ಲ. ಐದು ಜನರದ್ದೂ ವಿಮಾನ, ಆದ್ರೆ ಆ ದಿನ ಎಡಗಡೆ ಸೀಟಿನಲ್ಲಿ ಕೂತ ಪೈಲಟ್ ಇನ್ ಕಮಾಂಡ್ ಒಬ್ಬರೇ. ಹಾರಬೇಕಾ ಬೇಡವಾ ಅನ್ನೋ ತೀರ್ಮಾನ, ಅದರ ಹೊಣೆ ಪೂರ್ತಿ ಅವರದು. ಶೇ 20 ಹೊಣೆ ಅನ್ನೋದು ಇಲ್ಲ.

ಎಲ್ಲರಿಗೂ ಭಾನುವಾರವೇ ಬೇಕು

ಇನ್ನು ಸಮಯದ ಹಂಚಿಕೆ. ಇದು ದುಡ್ಡಿಗಿಂತ ಬಿಕ್ಕಟ್ಟು.

ನಮ್ಮ ದೇಶದಲ್ಲಿ ಕಣ್ಣಳತೆಯ ಮೇಲೆ ಹಾರೋ ವಿಎಫ್‌ಆರ್ ಹಾರಾಟಕ್ಕೆ ಹಗಲು ಮಾತ್ರ ಅವಕಾಶ. ಸೂರ್ಯ ಮುಳುಗಿ 20 ನಿಮಿಷ ಆದ ಮೇಲೆ ಇಲ್ಲ. ಅಂದ್ರೆ ಆಫೀಸ್ ಮುಗಿಸಿ ಸಂಜೆ ಏಳಕ್ಕೆ ಹಾರ್ತೀನಿ ಅನ್ನೋ ಹಾಗಿಲ್ಲ. ಉಳಿದಿದ್ದು ಶನಿವಾರ, ಭಾನುವಾರ. ಅದರಲ್ಲೂ ಗಾಳಿ ಶಾಂತವಾಗಿರೋ ಬೆಳಗಿನ ಹೊತ್ತು. ಅದರಲ್ಲಿ ಮಳೆಗಾಲ ಕಳೆಯಿರಿ, ವಿಮಾನ ತಪಾಸಣೆಗೆ ಹೋದ ವಾರ ಕಳೆಯಿರಿ, ಊರಲ್ಲಿ ಮದುವೆ, ಗೃಹಪ್ರವೇಶ ಕಳೆಯಿರಿ. ಬೇರೆ ಊರಿಗೆ ಹೊರಟರೆ ಫ್ಲೈಟ್ ಪ್ಲಾನ್ ಕೊಟ್ಟು, ವಾಯುಪಡೆಯ ಕ್ಲಿಯರೆನ್ಸ್ ಸಂಖ್ಯೆ ಪಡೆದು ಹೊರಡಬೇಕು. ಮೈಸೂರಿಗೆ ಹಾರೋಕೆ ಮುಕ್ಕಾಲು ಗಂಟೆ ಸಾಕು. ಆದ್ರೆ ವೈಟ್‌ಫೀಲ್ಡ್‌ನಿಂದ ಜಕ್ಕೂರು ಮುಟ್ಟೋಕೇ ಅದಕ್ಕಿಂತ ಜಾಸ್ತಿ ಬೇಕು.

ಐದೂ ಜನ ಒಂದೇ ತರ ಸೋಮವಾರದಿಂದ ಶುಕ್ರವಾರದ ಕೆಲಸದವರಾದ್ರೆ ವಿಮಾನ ವಾರದಲ್ಲಿ ಐದು ದಿನ ಖಾಲಿ, ಎರಡು ದಿನ ಜಗಳ. ಅದಕ್ಕೇ ಇಂಥ ಗುಂಪು ಕಟ್ಟೋವಾಗ ಒಂದೇ ಟೀಮ್‌ನ ಗೆಳೆಯರನ್ನು ಸೇರಿಸಬೇಡಿ. ರಜೆ ಬೇರೆ ಬೇರೆ ಇರೋರನ್ನು ಸೇರಿಸಿ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಅಮೆರಿಕದ ಸಮಯಕ್ಕೆ ಕೆಲಸ ಮಾಡೋರು ಒಬ್ಬರು, ತನ್ನ ಶಾಪ್‌ಗೆ ತಾನೇ ಯಜಮಾನ ಆಗಿರೋ ಪೀಣ್ಯದವರು ಒಬ್ಬರು, ನಿವೃತ್ತರಾದವರು ಒಬ್ಬರು ಇದ್ರೆ ವಾರದ ದಿನಗಳು ತುಂಬುತ್ತವೆ. ಒಂದು ಎಚ್ಚರಿಕೆ ಮಾತ್ರ: ರಾತ್ರಿ ಪಾಳಿ ಮುಗಿಸಿ ನಿದ್ದೆ ಇಲ್ಲದೆ ನೇರ ಹ್ಯಾಂಗರ್‌ಗೆ ಬರೋ ಹಾಗಿಲ್ಲ. ಅದನ್ನೂ ಬರೆದಿಟ್ಟಿದ್ದೀವಿ.

ಹಳ್ಳಿಯಲ್ಲಿ ಅಣ್ಣತಮ್ಮಂದಿರಿಗೆ ಬಾವಿ ಒಂದೇ ಇದ್ರೆ ನೀರಿಗೆ ಸರದಿ ಇರ್ತಿತ್ತಲ್ಲ, ಹಾಗೆ ಸರದಿ. ಈ ವಾರ ಮೊದಲು ಆರಿಸಿಕೊಂಡವರು ಮುಂದಿನ ವಾರ ಕೊನೆಗೆ.

ದುಡ್ಡು ತಗೊಂಡು ಯಾರನ್ನೂ ಕೂರಿಸೋ ಹಾಗಿಲ್ಲ

'ಖಾಲಿ ಸೀಟಿಗೆ ಗೆಳೆಯರಿಂದ ದುಡ್ಡು ತಗೊಂಡು ಹಂಪಿಗೆ ಕರ್ಕೊಂಡು ಹೋದ್ರೆ ಖರ್ಚು ಇಳಿಯುತ್ತಲ್ವಾ?' ಇದು ಎಲ್ಲರೂ ಕೇಳೋ ಪ್ರಶ್ನೆ. ಬೇಡ. ಖಾಸಗಿ ವರ್ಗದಲ್ಲಿ ನೋಂದಾಯಿಸಿದ ವಿಮಾನದಲ್ಲಿ ಬಾಡಿಗೆ ಪಡೆದು ಜನರನ್ನು ಒಯ್ಯೋ ಹಾಗಿಲ್ಲ. ಖಾಸಗಿ ಪೈಲಟ್ ಲೈಸೆನ್ಸ್ ಇರೋರು ಹಾರಾಟಕ್ಕೆ ಸಂಭಾವನೆ ಪಡೆಯೋ ಹಾಗಿಲ್ಲ. ಹೆಲಿಟ್ಯಾಕ್ಸಿಯವರು ಸೀಟು ಮಾರಿದ್ದು ಅದಕ್ಕೆ ಬೇಕಾದ ವಾಣಿಜ್ಯ ಪರವಾನಗಿ ಇದ್ದಿದ್ದರಿಂದ. ನಾವು ಯುಪಿಐನಲ್ಲಿ 5,000 ತಗೊಂಡ್ರೆ, ಏನಾದ್ರೂ ಆದ ದಿನ ವಿಮಾ ಕಂಪನಿ ಮೊದಲು ಕೇಳೋದು ಅದನ್ನೇ. ಪಾಲಿಸಿಯಲ್ಲಿ ಹೆಸರಿಲ್ಲದ ಪೈಲಟ್‌ಗೆ ಕೀ ಕೊಡೋದೂ ಅಷ್ಟೇ ಅಪಾಯ.

ವಿಮಾನ ಯಾರ ಹೆಸರಲ್ಲಿ ಇರಬೇಕು? ಸುಮ್ನೆ ಬಾಯಿಮಾತಿನ ಪಾಲುದಾರಿಕೆ ಅಂತ ನಡೆಸಿದ್ರೆ ಗಮನಿಸಿ: 1932ರ ಪಾಲುದಾರಿಕೆ ಕಾಯ್ದೆಯಲ್ಲಿ ಸಂಸ್ಥೆಯ ಸಾಲ, ನಷ್ಟಕ್ಕೆ ಪ್ರತಿಯೊಬ್ಬ ಪಾಲುದಾರನೂ ಪೂರ್ತಿ ಹೊಣೆ. ಒಬ್ಬರ ಎಡವಟ್ಟು ಇನ್ನೊಬ್ಬರ ಫ್ಲ್ಯಾಟ್‌ವರೆಗೂ ಬರಬಹುದು. ಐವರೂ ಸೇರಿ ಒಂದು ಪುಟ್ಟ ಕಂಪನಿ ಮಾಡಿದ್ರೆ ಯಾರಾದ್ರೂ ಬಿಟ್ಟಾಗ ಷೇರು ಕೈ ಬದಲಾದ್ರೆ ಸಾಕು, ವಿಮಾನದ ನೋಂದಣಿ ಮುಟ್ಟಬೇಕಿಲ್ಲ. ಯಾವುದು ನಿಮಗೆ ಸರಿ ಅಂತ ವಕೀಲರು, ಸಿಎ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಕೇಳಿ, ಕೊಳ್ಳೋ ಮುಂಚೆ.

ಬಿಟ್ಟು ಹೋಗೋದು ಹೇಗೆ?

ನಮ್ಮ ಗುಂಪು ಅಲ್ಲಾಡಿದ್ದು ಇಲ್ಲೇ. ನಮ್ಮ ಕೆಲಸ ಎಂಥದ್ದು ಅಂತ ನಿಮಗೂ ಗೊತ್ತು. ಇವತ್ತು ವೈಟ್‌ಫೀಲ್ಡ್, ನಾಳೆ ಆನ್‌ಸೈಟ್. ಬೆಳಿಗ್ಗೆ ಲ್ಯಾಪ್‌ಟಾಪ್ ತೆಗೆದ್ರೆ ಲಾಗಿನ್ ಆಗ್ತಿಲ್ಲ, ಎಚ್‌ಆರ್ ಮೇಲ್ ಬಂದಿದೆ. ಅಂಥ ದಿನ ಒಬ್ಬರು ದುಡ್ಡು ಕಟ್ಟೋದು ನಿಲ್ಲಿಸಿದ್ರೆ ನಿಂತ ಖರ್ಚು 10 ಲಕ್ಷ ನಾಲ್ಕು ಜನರ ಮೇಲೆ ಬೀಳುತ್ತೆ. ತಲಾ 2 ಲಕ್ಷ ಇದ್ದಿದ್ದು 2.5 ಲಕ್ಷ. ಅವರ ಪಾಲನ್ನೂ ಉಳಿದವರೇ ಕೊಂಡರೆ ತಲಾ ಇನ್ನೂ 3 ಲಕ್ಷ.

ಚೀಟಿ ಹಾಕಿದವರಿಗೆ ಈ ಭಯ ಗೊತ್ತು. ಮಧ್ಯದಲ್ಲಿ ಒಬ್ಬರು ಕೈ ಎತ್ತಿದ್ರೆ ಇಡೀ ಚೀಟಿ ನಡುಗುತ್ತೆ. ನಿವೇಶನ ಆದ್ರೆ ಅಳತೆ ಮಾಡಿ ಭಾಗ ಮಾಡಬಹುದು. ವಿಮಾನದಲ್ಲಿ ಒಬ್ಬರಿಗೆ ರೆಕ್ಕೆ, ಒಬ್ಬರಿಗೆ ಎಂಜಿನ್ ಕೊಡೋಕೆ ಆಗಲ್ಲ.

ನಾವು ಬರೆದಿದ್ದು ಹೀಗೆ. ಬಿಡೋರು ಆರು ತಿಂಗಳ ಮುಂಚೆ ಹೇಳಬೇಕು, ಅಥವಾ ಆರು ತಿಂಗಳ ಮೆಂಟೆನೆನ್ಸ್ ಮುಂಗಡವಾಗಿ ಗುಂಪಿನ ಖಾತೆಯಲ್ಲಿ ಇರಬೇಕು. ಕೆಲಸ ಹೋದ ದಿನ ಆ ಮುಂಗಡವೇ ಅವರನ್ನೂ ನಮ್ಮನ್ನೂ ಕಾಯುತ್ತೆ. ಪಾಲು ಕೊಳ್ಳೋ ಮೊದಲ ಹಕ್ಕು ಉಳಿದವರದು. ಬೆಲೆಯನ್ನು ವರ್ಷಕ್ಕೊಮ್ಮೆ, ಯಾರೂ ಬಿಡೋ ಯೋಚನೆ ಮಾಡದ ಹೊತ್ತಿನಲ್ಲಿ ನಿಗದಿ ಮಾಡಬೇಕು. ಒಂದು ವರ್ಷದೊಳಗೆ ಪಾಲು ಹೋಗದೇ ಇದ್ರೆ ವಿಮಾನ ಮಾರಾಟಕ್ಕೆ. ಪಾಲುದಾರರು ತೀರಿಕೊಂಡ್ರೆ ಮನೆಯವರಿಗೆ ದುಡ್ಡು ಬರುತ್ತೆ, ಹಾರೋ ಹಕ್ಕಲ್ಲ, ತಿಂಗಳ ಖರ್ಚಿನ ಹೊರೆಯೂ ಅಲ್ಲ.

ಈ ಪುಟ ಓದಿದ ಮೇಲೆ ಇಬ್ಬರು ಹಿಂದೆ ಸರಿದ್ರು. ಒಬ್ಬರಿಗೆ ಎರಡನೇ ಮಗು ಬರೋದಿತ್ತು. ಇನ್ನೊಬ್ಬರು ನೇರವಾಗಿ ಹೇಳಿದ್ರು: "ಆರು ತಿಂಗಳ ಮುಂಗಡ ನನ್ನ ಹತ್ರ ಇಲ್ಲ ಕಣೋ, ಇದ್ದಿದ್ದೆಲ್ಲಾ ಆ 12ರಲ್ಲೇ ಮುಗಿಯುತ್ತೆ." ನನಗೆ ಬೇಜಾರಾಗಲಿಲ್ಲ. ಎರಡು ವರ್ಷ ಆದ ಮೇಲೆ ಹೇಳೋ ಬದಲು ಈಗ ಹೇಳಿದ್ರಲ್ಲ.

ಈಗ ಉಳಿದಿರೋದು ಮೂರು ಜನ. ವಿಮಾನ ಕೊಂಡಿಲ್ಲ. ಒಂದು ವರ್ಷ ಕ್ಲಬ್ ವಿಮಾನದಲ್ಲೇ ಗಂಟೆ ಲೆಕ್ಕದಲ್ಲಿ ಹಾರೋದು, ಯಾರ ಲಾಗ್‌ಬುಕ್‌ನಲ್ಲಿ 36 ಗಂಟೆ ನಿಜವಾಗಿ ಬರುತ್ತೆ ನೋಡೋದು ಅಂತ ತೀರ್ಮಾನ. ನನ್ನ ಲೈಸೆನ್ಸ್‌ಗೇ ಕನಿಷ್ಠ 40 ಗಂಟೆ ಹಾರಾಟ ಬೇಕು, ಅದರ ಜೊತೆ ಪರೀಕ್ಷೆಗಳು, ವೈದ್ಯಕೀಯ ತಪಾಸಣೆ ಇದೆ. ಹಾಗಾಗಿ ನನಗಂತೂ ಆ ಗಂಟೆಗಳು ವ್ಯರ್ಥ ಅಲ್ಲ. ಪೀಣ್ಯದ ಅಣ್ಣ ಈಗಲೂ ಪ್ರತಿ ತಿಂಗಳು ಮೆಸೇಜ್ ಹಾಕ್ತಾರೆ: "ಈ ತಿಂಗಳು ಎಷ್ಟು ಗಂಟೆ?" ಹೋದ ತಿಂಗಳು ನನ್ನ ಉತ್ತರ ಎರಡೂಕಾಲು.

ನೀವು ವಿಮಾನ ಕೊಳ್ಳದೇ ಇರಬಹುದು. ಆದ್ರೆ ಗೆಳೆಯರ ಜೊತೆ ಸೇರಿ ಸಕಲೇಶಪುರದಲ್ಲಿ ತೋಟ, ಕ್ಯಾಂಪರ್ ವ್ಯಾನ್, ಸ್ಟಾರ್ಟಪ್, ಏನೇ ಕೊಳ್ಳೋದಿದ್ರೂ ಮೂರು ಪ್ರಶ್ನೆ ಮೊದಲು ಬರೆದು ಉತ್ತರಿಸಿ: ಸುಮ್ನೆ ನಿಂತರೆ ಎಷ್ಟು ತಿನ್ನುತ್ತೆ? ನಿಜ ಹೇಳಿದವರಿಗೆ ನಷ್ಟ ಆಗೋ ಹಾಗೆ ನಿಯಮ ಇದೆಯಾ? ಯಾರಾದ್ರೂ ಎದ್ದು ಹೋಗಬೇಕು ಅಂದ್ರೆ ಬಾಗಿಲು ಎಲ್ಲಿದೆ?

ನಿಮ್ಮ ಗುಂಪಿನಲ್ಲಿ ಇಂಥ ಹಂಚಿಕೆ ನಡೆದಿದ್ರೆ, ಗೆದ್ದಿದ್ದೋ ಮುರಿದಿದ್ದೋ, ವಾಯ್ಸ್ ಮೆಸೇಜ್ ಕಳಿಸಿ. ಮುಂದಿನ ವಾರ ಸಿಗೋಣ. ಸಿಗ್ನಲ್ ಬಿಟ್ಟಿರಬೇಕು, ಹುಷಾರಾಗಿ ಹೋಗಿ. ನಮಸ್ಕಾರ.